ಮಳೆಗಾಲದಲ್ಲಿ ಹಿರಿಯರಿಗೆ ಸೇರುವ ತಾಣ ಬೇಕು



ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳಗಳಲ್ಲಿ ಮಕ್ಕಳು ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ ಕಾರಣ ಒಂಟಿಯಾಗಿಯೋ ದಂಪತಿಗಳಾಗಿಯೋ ಉಳಿದಿರುವ ನಿವೃತ್ತರ ನಿತ್ಯದ ಒಡನಾಟವು ಅಜ್ಜರಕಾಡಿನ ಭುಜಂಗ ಪಾರ್ಕ್, ಮಣಿಪಾಲದ ಎಂಡ್ ಪಾಯಿಂಟ್, ಕಾಪುವಿನ ಕಡಲತೀರ, ಕಾರ್ಕಳದ ಆನೆಕೆರೆಯ ದಂಡೆಯಂತಹ ತೆರೆದ ಸ್ಥಳಗಳನ್ನೇ ಅವಲಂಬಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೂ ಪಾಚಿಗಟ್ಟಿದ ದಾರಿಯಲ್ಲಿ ಜಾರಿಬೀಳುವ ಭಯವೂ ಸೇರಿ ಇವರನ್ನು ತಿಂಗಳುಗಟ್ಟಲೆ ದೂರದರ್ಶನದ ಮುಂದೆ ಕೂರಿಸುತ್ತವೆ.

60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸುವ 2007ರ ಕೇಂದ್ರ ಕಾಯ್ದೆಯು ಜೀವನಾಂಶ, ವೃದ್ಧಾಶ್ರಮ, ಚಿಕಿತ್ಸೆಗಳ ಕುರಿತು ಹೇಳುತ್ತದೆಯೇ ಹೊರತು ಒಡನಾಟದ ಕುರಿತಲ್ಲ. ಕಾನೂನಿನಿಂದ ಅದನ್ನು ನಿರೀಕ್ಷಿಸುವುದೂ ಅತಿಯಾದೀತು.

ಆದರೆ ಒಡನಾಟಕ್ಕೊಂದು ತಾಣ ಒದಗಿಸುವುದು ಸ್ಥಳೀಯ ಆಡಳಿತಕ್ಕೆ ಅಸಾಧ್ಯವಲ್ಲ. ಹೊಸ ಕಟ್ಟಡದ ಅಗತ್ಯವಿಲ್ಲದೆ, ಈಗಿರುವ ಸಾರ್ವಜನಿಕ ಗ್ರಂಥಾಲಯಗಳಲ್ಲಿಯೂ, ಅರಿವು ಕೇಂದ್ರಗಳೆಂದು ಕರೆಯಲಾಗುವ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿಯೂ ಮಳೆಗಾಲದ ಮಧ್ಯಾಹ್ನಗಳನ್ನು ಹಿರಿಯರಿಗೆ ಮೀಸಲಿಡಬಹುದು. ವೇಷ, ಕುಣಿತಗಳಿಲ್ಲದೆ ಕುಳಿತಲ್ಲಿಯೇ ಭಾಗವತರ ಪದ್ಯಗಳಿಗೆ ಅರ್ಥ ಹೇಳುವ ಯಕ್ಷಗಾನ ಪ್ರಕಾರವಾದ ತಾಳಮದ್ದಳೆಯು, ಮೇಳಗಳು ತಿರುಗಾಟ ನಿಲ್ಲಿಸುವ ಈ ತಿಂಗಳುಗಳಲ್ಲಿಯೇ ಹೆಚ್ಚಾಗಿ ನಡೆದುಬಂದಿರುವುದರಿಂದಲೂ, ಮಾತು, ನೆನಪು, ವಾದಗಳಿಗೆ ಕಸರತ್ತು ನೀಡುವುದರಿಂದಲೂ ಇಂತಹ ಕೂಟಕ್ಕೆ ತಕ್ಕುದಾಗಿದೆ. ಅರ್ಥ ಹೇಳಬಲ್ಲ ನಿವೃತ್ತ ಶಿಕ್ಷಕರಿಗಂತೂ ಈ ಜಿಲ್ಲೆಯಲ್ಲಿ ಬರವಿಲ್ಲ. ಜೊತೆಗೆ ಕೇರಂ, ಪತ್ರಿಕೆಗಳು, ಕುರ್ಚಿಯಲ್ಲಿ ಕುಳಿತು ಮಾಡುವ ಯೋಗಾಭ್ಯಾಸ, ಕೈಹಿಡಿಯುಳ್ಳ ಮೆಟ್ಟಿಲು ಮತ್ತು ಶುಚಿಯಾದ ಶೌಚಾಲಯ ಇದ್ದರೆ ಮಹಿಳೆಯರೂ ಬರುವುದು ಸುಲಭವಾಗುತ್ತದೆ.

ಜಿಲ್ಲಾಡಳಿತವು ಮುಂದಿನ ಮಳೆಗಾಲಕ್ಕೆ ಮೊದಲು ಈ ನಾಲ್ಕೂ ಕಡೆ ಒಂದೊಂದು ಗ್ರಂಥಾಲಯವನ್ನು ಪ್ರಾಯೋಗಿಕವಾಗಿ ಆರಿಸಬೇಕೆಂದು ವಿನಂತಿ.

– ಓದುಗರೊಬ್ಬರು, ಕಾಪು