ಹುರುಳಿಯಲ್ಲಿ ಹುರುಳಿದೆ

ಪುಷ್ಯ ಮಾಸ ಬಂತೆಂದರೆ ನಮ್ಮ ಕೌಜಲಗಿಯ ಬಯಲಿನಲ್ಲಿ ಚಳಿಗಾಳಿ ಮೈ ಕೊರೆಯುತ್ತದೆ. ಈ ದಿನಗಳಲ್ಲಿ ನನಗೆ ಮೊದಲು ನೆನಪಾಗುವುದು ಅವ್ವನ ಹುರುಳಿ ಕಟ್ಟು. ಶ್ರೀಕೃಷ್ಣ ಪಾರಿಜಾತದ ಆಟಕ್ಕೆ ಹೆಸರಾದ ನಿಂಗಮ್ಮನವರ ಊರು ನಮ್ಮದು. ಬಾಲ್ಯದಲ್ಲಿ ರಾತ್ರಿಯಿಡೀ ಕಂಬಳಿ ಹೊದ್ದು ಪಾರಿಜಾತ ನೋಡಿ, ಬೆಳಗಿನ ಜಾವ ನಡುಗುತ್ತ ಮನೆಗೆ ಬಂದರೆ ಒಲೆಯ ಮೇಲೆ ಗಡಿಗೆಯಲ್ಲಿ ಕಟ್ಟು ಕುದಿಯುತ್ತಿರುತ್ತಿತ್ತು. ಅದನ್ನು ಬಿಸಿಬಿಸಿಯಾಗಿ ಕುಡಿದ ಮೇಲೆಯೇ ಕೈಬೆರಳುಗಳಿಗೆ ಜೀವ ಬರುತ್ತಿತ್ತು.

ಮಾಡುವ ವಿಧಾನ ಸರಳ. ಒಂದು ಬಟ್ಟಲು ಹುರುಳಿಯನ್ನು ಕಲ್ಲು ಆರಿಸಿ, ತೊಳೆದು, ರಾತ್ರಿಯೇ ನೆನೆ ಹಾಕಬೇಕು. ಬೆಳಿಗ್ಗೆ ಆರು ಬಟ್ಟಲು ನೀರಿನಲ್ಲಿ ಕಾಳು ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಬೇಕು. ಒಂದು ಹಿಡಿ ಬೆಂದ ಕಾಳನ್ನು ಒಣಕೊಬ್ಬರಿ, ಜೀರಿಗೆಯೊಂದಿಗೆ ಅರೆದು ಸೇರಿಸಿದರೆ ಕಟ್ಟು ಗಟ್ಟಿಯಾಗುತ್ತದೆ. ಹುಣಸೆ ರಸ, ಮಸಾಲೆ ಖಾರ, ಉಪ್ಪು, ಚೂರು ಬೆಲ್ಲ ಹಾಕಿ ಕುದಿಸಿ, ಜಜ್ಜಿದ ಬೆಳ್ಳುಳ್ಳಿ ಮತ್ತು ಕರಿಬೇವಿನ ಒಗ್ಗರಣೆ ಕೊಟ್ಟರಾಯಿತು. ಉಳಿದ ಕಾಳು ಪಲ್ಯಕ್ಕೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಜೊತೆಗಿದ್ದರೆ ಊಟ ಪೂರ್ಣ.

ಇಂತಹ ಹುರುಳಿಗೆ ನಾನೇ ಒಮ್ಮೆ ಅಪಚಾರ ಮಾಡಿದ್ದೇನೆ. 1990ರ ದಶಕದ ಮಾತು. ಇಂಗ್ಲಿಷ್ ತರಗತಿಯಲ್ಲಿ ಕಾಳುಗಳ ಹೆಸರು ಕಲಿಸುತ್ತ, ಹುರುಳಿಗೆ ‘ಹಾರ್ಸ್ ಗ್ರಾಮ್’ ಎಂದು ಹಲಗೆಯ ಮೇಲೆ ಬರೆದು, "ಅಂದರೆ ಕುದುರೆಯ ಕಾಳು" ಎಂದು ನಗೆಯಾಡಿದೆ. ತರಗತಿಯೆಲ್ಲ ನಕ್ಕಿತು. ದಿನವೂ ರೊಟ್ಟಿ, ಹುರುಳಿ ಪಲ್ಯ ಕಟ್ಟಿಕೊಂಡು ಬರುತ್ತಿದ್ದ ಹುಡುಗನೊಬ್ಬ ಮಾತ್ರ ನಗಲಿಲ್ಲ. ಕೆಲವು ದಿನಗಳ ನಂತರ ಅವನ ತಾಯಿ ದಾರಿಯಲ್ಲಿ ಸಿಕ್ಕು, "ಸರ, ಹುರುಳಿ ಒಲ್ಲೆ ಅಂತಾನ್ರಿ, ಅದು ಕುದುರಿ ತಿನ್ನೂದಂತ. ನಮ್ಮ ಮನಿಯಾಗ ಬ್ಯಾರೆ ಏನೈತ್ರಿ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗ ಬರಿಯ ರೊಟ್ಟಿ, ಖಾರ ತಿನ್ನುತ್ತಿದ್ದ. ಮರುದಿನ ತರಗತಿಯಲ್ಲಿ ನಾನೂ ಹುರುಳಿ ಉಂಡೇ ಬೆಳೆದವನೆಂದು ಹೇಳಿದೆ. ಆದರೆ ನಕ್ಕ ನಗೆಯನ್ನು ಹಿಂದಕ್ಕೆ ಪಡೆಯಲಾಗುವುದೇ?

ಒಂದು ಹೆಸರು ಅನ್ನವನ್ನೇ ಕೀಳಾಗಿಸಬಲ್ಲದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕಬ್ಬಿಣದ ಅಂಶವೂ ಉಂಟು. ಮಳೆ ಕೈಕೊಟ್ಟ ವರ್ಷವೂ ಮಡ್ಡಿ ಹೊಲದಲ್ಲಿ, ಗೊಬ್ಬರದ ಹಂಗಿಲ್ಲದೆ ಬೆಳೆಯುತ್ತದೆ. ಬೇರಿನ ಗಂಟುಗಳಿಂದ ಮಣ್ಣಿಗೇ ಸಾರಜನಕ ಕೊಡುತ್ತದೆ. ಘಟಪ್ರಭೆಯ ಕಾಲುವೆ, ಕೊಳವೆಬಾವಿಗಳು ಬಂದ ಮೇಲೆ ನಮ್ಮ ಭಾಗದಲ್ಲಿ ಕಬ್ಬು ಹಬ್ಬಿತು. ರೈತರನ್ನು ನಾನು ದೂರುವುದಿಲ್ಲ, ಹಣ ಎಲ್ಲರಿಗೂ ಬೇಕು. ಆದರೆ ಕಬ್ಬು ಮಾರಿದ ಹಣದಲ್ಲಿ ಅಂಗಡಿಯ ಪೊಟ್ಟಣದ ಸೂಪು ತಂದು ಮಕ್ಕಳಿಗೆ ಕುಡಿಸುವುದು ಯಾವ ಜಾಣತನ?

ವಿಶ್ವಸಂಸ್ಥೆಯು 2016ನ್ನು ದ್ವಿದಳ ಧಾನ್ಯಗಳ ವರ್ಷವೆಂದೂ, 2023ನ್ನು ಸಿರಿಧಾನ್ಯಗಳ ವರ್ಷವೆಂದೂ ಆಚರಿಸಿತು. ಸಜ್ಜೆ, ನವಣೆಗಳಿಗೆ ಮರಳಿ ಮಾನ ಬಂತು; ಅವುಗಳ ಜೊತೆಗಾರ ಹುರುಳಿ ಮಾತ್ರ ಇನ್ನೂ ಹೊಸ್ತಿಲ ಹೊರಗೇ ನಿಂತಿದೆ. ಚಳಿಗಾಲದ ಎರಡು ತಿಂಗಳಾದರೂ ಶಾಲೆಯ ಬಿಸಿಯೂಟದಲ್ಲಿ ವಾರಕ್ಕೊಮ್ಮೆ ಹುರುಳಿ ಕಟ್ಟು ಬಡಿಸಬೇಕೆಂಬುದು ನನ್ನ ವಿನಮ್ರ ಸಲಹೆ. ಬಡವರ ಮಗುವೂ ಉಳ್ಳವರ ಮಗುವೂ ಒಂದೇ ಪಂಕ್ತಿಯಲ್ಲಿ ಕುಳಿತು ಅದನ್ನು ಉಂಡರೆ, ಯಾರೂ ತಮ್ಮ ಬುತ್ತಿಯನ್ನು ಮುಚ್ಚಿಡಬೇಕಾಗಿಲ್ಲ.

ಶಿಕ್ಷಕ ಮಿತ್ರರೇ, ನೀವು ಈ ಕಾಳಿನ ಹೆಸರು ಕಲಿಸುವಾಗ ದಯವಿಟ್ಟು ನಗಬೇಡಿ. ಎದುರಿಗೆ ಕುಳಿತ ಯಾವ ಮಗುವಿನ ಬುತ್ತಿಯಲ್ಲಿ ಏನಿದೆಯೆಂದು ನಮಗೆ ತಿಳಿದಿರುವುದಿಲ್ಲ.