ಬ್ರೋಕರ್ ಮೋಸ ಮಾಡಿದರೆ ದೂರು ಕೊಡಲು ಬೆಂಗಳೂರಿಗೇ ಹೋಗಬೇಕೇ?

‘ಷೇರಿನಲ್ಲಿ ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸು ಕಟ್ಟಿ’ ಎನ್ನುವಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ಬ್ರೋಕರ್ ವಿರುದ್ಧ ಹೋರಾಡಲು ಬೆಂಗಳೂರಿನ ದೊಡ್ಡ ವಕೀಲರೇ ಬೇಕು. ಎರಡೂ ಸರಿಯಲ್ಲ.

ಹೊಸದುರ್ಗದ ತೆಂಗು ಬೆಳೆಗಾರರೊಬ್ಬರು ಷೇರು ಖಾತೆ ತೆರೆದಿದ್ದಾರೆ ಎಂದುಕೊಳ್ಳೋಣ. ಅವರೇ ಕೊಂಡ ಷೇರಿನ ಬೆಲೆ ಬಿದ್ದರೆ ಅದು ಮಾರುಕಟ್ಟೆಯ ನಷ್ಟ, ಯಾವ ವಕೀಲರೂ ತಂದುಕೊಡಲಾರರು. ಆದರೆ ಅವರನ್ನು ಕೇಳದೆ ಬ್ರೋಕರ್ ಷೇರು ಕೊಂಡು ಮಾರಿದ್ದರೆ, ಅಥವಾ ಖಾತೆಯ ಹಣ ಕೊಡದೆ ಸತಾಯಿಸಿದರೆ, ಅದು ವ್ಯಾಜ್ಯ. ಹೂಡಿಕೆದಾರರ ಪರ ವಕೀಲರು ಮೊದಲು ನೋಡುವುದು ಈ ವ್ಯತ್ಯಾಸವನ್ನೇ. ಆಮೇಲೆ ಕೇಳುವುದು ದಾಖಲೆ: ಕಾಂಟ್ರ್ಯಾಕ್ಟ್ ನೋಟ್, ಲೆಡ್ಜರ್, ಎಸ್‌ಎಂಎಸ್. ಗ್ರಾಹಕರೇ ಆರ್ಡರ್ ಕೊಟ್ಟರು ಎಂಬುದಕ್ಕೆ ಬ್ರೋಕರ್ ಪುರಾವೆ ಇಟ್ಟುಕೊಂಡಿರಬೇಕು ಎನ್ನುತ್ತದೆ ಸೆಬಿ ನಿಯಮ. ಹಾಗೆಂದು ಬಂದ ಎಸ್‌ಎಂಎಸ್‌ಗಳನ್ನು ಓದದೆ ತಿಂಗಳುಗಟ್ಟಲೆ ಸುಮ್ಮನಿದ್ದರೆ ನಿಮ್ಮ ವಾದವೇ ಸೊರಗುತ್ತದೆ.

ಮೊದಲು ಬ್ರೋಕರ್‌ಗೆ ಬರವಣಿಗೆಯಲ್ಲಿ ದೂರು ಕೊಡಿ. ಪರಿಹಾರ ಸಿಗದಿದ್ದರೆ ಸೆಬಿಯ ‘ಸ್ಕೋರ್ಸ್’ ಜಾಲತಾಣದಲ್ಲಿ ಒಂದು ವರ್ಷದೊಳಗೆ ದೂರು ದಾಖಲಿಸಿ, ಇದು ಉಚಿತ. ಬ್ರೋಕರ್ 21 ದಿನಗಳಲ್ಲಿ ಉತ್ತರಿಸಬೇಕು. ಅಲ್ಲೂ ಬಗೆಹರಿಯದಿದ್ದರೆ 2023ರಲ್ಲಿ ಸೆಬಿ ರೂಪಿಸಿದ ‘ಸ್ಮಾರ್ಟ್ ಒಡಿಆರ್’ ಇದೆ. ಅಲ್ಲಿ ಮೊದಲು ರಾಜಿ ಸಂಧಾನ, ಅದು ಮುರಿದರೆ ಮಧ್ಯಸ್ಥಿಕೆ. ಎಲ್ಲವೂ ಆನ್‌ಲೈನ್. ವಕೀಲರು ಕಡ್ಡಾಯವಲ್ಲ.

ಹಾಗಾದರೆ ವಕೀಲರು ಯಾವಾಗ ಬೇಕು? ಮೊತ್ತ ದೊಡ್ಡದಿದ್ದು ಮಧ್ಯಸ್ಥಿಕೆಗೆ ಹೋಗುವಾಗ. 1996ರ ಮಧ್ಯಸ್ಥಿಕೆ ಕಾಯ್ದೆಯಡಿ ಬರುವ ಆದೇಶವನ್ನು ಕೋರ್ಟ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. 34ನೇ ಕಲಮಿನಡಿ ಪ್ರಶ್ನಿಸಲು ಮೂರು ತಿಂಗಳ ಅವಧಿ ಇದೆ, ಕಾರಣಗಳೂ ಸೀಮಿತ. ಮೊದಲ ಹಂತದಲ್ಲಿ ಇಡದ ಪುರಾವೆಯನ್ನು ಕೋರ್ಟಿನಲ್ಲಿ ಇಟ್ಟು ಗೆಲ್ಲುವುದು ಕಷ್ಟ. ನಮಗನ್ನಿಸುವಂತೆ, ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆಯಲ್ಲಿ ಜಮೀನು, ಚೆಕ್ ಬೌನ್ಸ್ ಕೇಸು ನಡೆಸುವ ಯುವ ವಕೀಲರಿಗೆ ಇದು ಒಳ್ಳೆಯ ಕ್ಷೇತ್ರ. ವಿಡಿಯೋ ವಿಚಾರಣೆಗೆ ತಮ್ಮ ಕಚೇರಿಯಿಂದಲೇ ಹಾಜರಾಗಬಹುದು.

ಈ ದಾರಿ ಸೆಬಿಯಲ್ಲಿ ನೋಂದಾಯಿಸಿದವರ ವಿರುದ್ಧ ಮಾತ್ರ. ವಾಟ್ಸಾಪ್, ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕ ನಕಲಿ ಟ್ರೇಡಿಂಗ್ ಆ್ಯಪ್‌ಗೆ ಹಣ ಹಾಕಿದ್ದರೆ ಸ್ಕೋರ್ಸ್ ನೆರವಾಗದು. ತಡಮಾಡದೆ 1930ಕ್ಕೆ ಕರೆ ಮಾಡಿ. ‘ವಾಪಸ್ ಕೊಡಿಸುತ್ತೇವೆ’ ಎಂದು ಮುಂಗಡ ಫೀಸು ಕೇಳುವವರಿಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ. ಹಣ ಕಳೆದುಕೊಂಡವರನ್ನೇ ಹುಡುಕಿ ಎರಡನೇ ಸಲ ವಂಚಿಸುವ ಜಾಲಗಳಿವೆ.