ತಂಗದಿರನ ಹಿಮ, ಘಟಪ್ರಭೆಯ ನೀರು

ಚಂದ್ರನನ್ನು ತಂಗದಿರನೆಂದ ನಮ್ಮ ಕವಿಗಳ ಮಾತು ಅರ್ಧ ಮಾತ್ರ ನಿಜವೆಂಬುದು ಈಗ ಅಳತೆಗೆ ಸಿಕ್ಕಿದೆ. 2023ರ ಆಗಸ್ಟ್ 23ರಂದು ಚಂದ್ರನ ದಕ್ಷಿಣ ಭಾಗದಲ್ಲಿ, ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿ ಇಳಿದ ಚಂದ್ರಯಾನ-3ರ ಉಷ್ಣಮಾಪಕವು ನೆಲದ ಮೇಲೆ 50 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ಕಾವನ್ನು ಕಂಡಿತು. ಕೇವಲ 8 ಸೆಂಟಿಮೀಟರ್ ಆಳದಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯನ್ನು ಕಂಡಿತು. ಅಲ್ಲಿನ ಮಣ್ಣು ಶಾಖವನ್ನು ಸುಲಭವಾಗಿ ಒಳಬಿಡುವುದಿಲ್ಲ. ಈ ಅಳತೆಗಳನ್ನೇ ಆಧರಿಸಿ ಅಹಮದಾಬಾದಿನ ಭೌತ ಸಂಶೋಧನಾಲಯದ ವಿದ್ವಾಂಸರು, ಧ್ರುವದತ್ತ ಮುಖಮಾಡಿದ 14 ಡಿಗ್ರಿಗೂ ಹೆಚ್ಚಿನ ಇಳಿಜಾರುಗಳಲ್ಲಿ ಹಿಮವು ನೆಲದಡಿ ಹೆಚ್ಚು ಆಳವಿಲ್ಲದೆಯೇ ಉಳಿದಿರಬಹುದೆಂದು 2025ರಲ್ಲಿ ಪ್ರತಿಪಾದಿಸಿದರು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ತರುಣನೊಬ್ಬನು ಇಂತಹ ಸಂಶೋಧನೆಗೆ ಹೊರಟರೆ ಮನೆಯವರು ಏನೆಂದಾರು? 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ನುಗ್ಗಿದ್ದನ್ನು ಯಾರೂ ಮರೆತಿಲ್ಲ. ‘ಊರ ಹೊಳೆಯನ್ನು ಬಿಟ್ಟು ಮಂಗಳನ ಹಿಮವೇಕೆ?’ ಎಂಬ ಪ್ರಶ್ನೆ ನ್ಯಾಯವಾದುದು. ಅದನ್ನು ನಕ್ಕು ತಳ್ಳಿಹಾಕುವುದು ವಿವೇಕವಲ್ಲ.

ಉತ್ತರವು ಆ ಮಂಗಳನಲ್ಲಿಯೇ ಇದೆ. 2021ರಲ್ಲಿ ‘ಪರ್ಸಿವಿಯರೆನ್ಸ್’ ಇಳಿದ ಜೆಜೆರೊ ಕುಳಿಯಲ್ಲಿ ಪ್ರಾಚೀನ ನದಿಯೊಂದರ ಮುಖಜಭೂಮಿಯಿದೆ, ನೀರಿಲ್ಲ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕಿದರೂ ನೀರಾಗಿಯೇ ಹರಿಯುತ್ತದೆ. ಇಂದಿನ ಮಂಗಳದ ಮೇಲ್ಮೈಯಲ್ಲಿ ಅದೇ ನೀರು ಬಹುಕಾಲ ನಿಲ್ಲಲಾರದು. ಹೆಪ್ಪುಗಟ್ಟೀತು, ಇಲ್ಲವೆ ಆವಿಯಾದೀತು. ಏಕೆಂದರೆ ಅಲ್ಲಿನ ವಾಯುವಿನ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ನದಿಯೆಂದರೆ ಬರಿಯ ನೀರಲ್ಲ, ಅದರ ಮೇಲಿನ ಗಾಳಿಯೂ ಹೌದು. ಗಾಳಿ, ಬಿಸಿಲು, ಇಳಿಜಾರು, ಮಣ್ಣು ಇವುಗಳ ಲೆಕ್ಕವನ್ನು ಅಲ್ಲಿ ಕಲಿತವನು, ಸಹ್ಯಾದ್ರಿಯ ಮಳೆ ಹಿಡಕಲ್ ಜಲಾಶಯವನ್ನು ತುಂಬುವ ಬಗೆಯನ್ನೂ ಹೊಸ ಕಣ್ಣಿನಿಂದ ನೋಡಬಲ್ಲನು. ಭೌತನಿಯಮಗಳಿಗೆ ಗ್ರಹಭೇದವಿಲ್ಲ.

ಭೇದವಿರುವುದು ಭಾಷೆಯಲ್ಲಿ. ದೂರದ ನೌಕೆಗಳ ಸಂಕೇತಗಳನ್ನು ಹಿಡಿಯುವ 32 ಮೀಟರ್ ವ್ಯಾಸದ ಆಂಟೆನಾ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಚಂದ್ರನ ಸುದ್ದಿ ಕನ್ನಡನಾಡಿನ ಹಳ್ಳಿಗೆ ಬಂದಿಳಿದರೂ ಅದರ ವಿವರಣೆ ಮೂಡಲಗಿಯ ವಿದ್ಯಾರ್ಥಿಗೆ ಬಹುಮಟ್ಟಿಗೆ ಇಂಗ್ಲಿಷಿನ ದಾರಿಯಿಂದಲೇ ಮುಟ್ಟಬೇಕಾಗಿದೆ. ಬೆಟಗೇರಿ ಕೃಷ್ಣಶರ್ಮ, ಬಸವರಾಜ ಕಟ್ಟೀಮನಿಯವರನ್ನು ಸಾಹಿತ್ಯಕ್ಕೆ ಕೊಟ್ಟ ಈ ಸೀಮೆಗೆ ಮಾತಿನ ಬಡತನವಿಲ್ಲ. ಆ ಮಾತು ವಿಜ್ಞಾನದ ಕೆಲಸಕ್ಕೆ ಒದಗುವಂತೆ ಮಾಡುವ ಹೊಣೆ ವಿಜ್ಞಾನಿಗಳದಷ್ಟೇ ಅಲ್ಲ. ನನ್ನಂತಹ ಕನ್ನಡ ಅಧ್ಯಾಪಕರದೂ ಹೌದೆಂದು ನಾನು ಭಾವಿಸುತ್ತೇನೆ. ತನ್ನ ಮಗನೋ ಮಗಳೋ ಏನನ್ನು ಹುಡುಕುತ್ತಿದ್ದಾರೆಂಬುದು ತಾಯಿಗೆ ಅವಳ ಮಾತಿನಲ್ಲಿ ತಿಳಿಯಲಿ. ಆಗ ‘ಮಂಗಳನ ಹಿಮವೇಕೆ?’ ಎಂದು ಕೇಳಿದವಳೇ, ‘ಮುಂದೇನಾಯಿತು?’ ಎಂದು ಕೇಳಿಯಾಳು.